ನಾಲ್ಕನೆಯದು

ಮೂರು ಬಂದವು, ಹೇಳಿದ ಮಾತು ಕೇಳುವ ಮಕ್ಕಳಂತೆ.
ನಾಲ್ಕನೆಯದು ಬರಲಿಲ್ಲ.

ವಲ್ಪರೈಸೊದ ಗುಡ್ಡದಲ್ಲಿ, ಹಳಿಗಾಡಿ
ಏದುಸಿರು ಬಿಟ್ಟು ನಿಲ್ಲುವ ಕಡೆ
ತಗಡು ಗೋಡೆಯ ಅಂಗಡಿ. ಕೆಳಗೆ ಬಂದರು.
ಇಲ್ಲಿ ಗಾಳಿಯೇ ಉಪ್ಪಿನಕಾಯಿ ಹಾಕುತ್ತದೆ
ಬೀಗಕ್ಕೆ, ಚಿಲಕಕ್ಕೆ, ಕಿಟಕಿಯ ಸರಳಿಗೆ, ಮುದುಕರ ಮಂಡಿಗೆ.
ಮೀನು ಮಾರುವ ಓರ್ಫೆಲಿನಾಳ ರೇಡಿಯೊವನ್ನು
ಬಿಟ್ಟೀತೆ?

ಬೆಳಿಗ್ಗೆ ತಂದಿಟ್ಟಿದ್ದಳು, ಹಳೆ ಪೇಪರಿನಲ್ಲಿ ಸುತ್ತಿ,
ಮೀನು ಸುತ್ತುವ ಹಾಗೇ.
"ಅರ್ಧ ಮಾತಾಡುತ್ತೆ, ಆಮೇಲೆ ಕೆಮ್ಮುತ್ತೆ.
ಸಂಜೆಗೆ ಬೇಕು. ನಾಳೆ ಅಲೆ ಎಷ್ಟೆತ್ತರ ಅಂತ
ದೋಣಿಯವರು ಕೇಳೋದು ನನ್ನನ್ನೇ."

ನನಗೆ ಹತ್ತೊಂಬತ್ತು. ತೋಳಲ್ಲಿ ಬಲವಿತ್ತು.
ಬಲ ಇದ್ದವನಿಗೆ ಬೇರೇನೂ ಹೊಳೆಯುವುದಿಲ್ಲ.
ತಿರುಪುಳಿ ಇಟ್ಟೆ, ಒತ್ತಿದೆ, ತಿರುಗಿಸಿದೆ.
ಕರ್ರೆಂದು ಜಾರಿ ಎಡಗೈ ಹೆಬ್ಬೆರಳನ್ನು ಕಚ್ಚಿತು.
ಮತ್ತೆ ಒತ್ತಿದೆ.
ಕೂಡುವ ಚಿಹ್ನೆಯಂತಿದ್ದ ಅದರ ತಲೆ
ಸವೆಯುತ್ತ ಸವೆಯುತ್ತ ಸೊನ್ನೆಯಾಗತೊಡಗಿತು.
ತಿರುಪಿನ ಮುಂದೆ ಕೂತೆ,
ತಿರುಪೆಯವನ ಹಾಗೆ.

ಎದುವಿಹಿಸ್ ಬಂದಳು, ಕನ್ನಡಕ ದಾರದಲ್ಲಿ ತೂಗುತ್ತ.
ಬೈಯಲಿಲ್ಲ. ನನ್ನ ಕೈಯಿಂದ ಉಳಿ ಕಿತ್ತುಕೊಂಡು
ಬೆಳಕಿಗೆ ಹಿಡಿದಳು.
"ಇದು ಜಪಾನಿನ ತಿರುಪು. ನೋಡೋಕೆ ಒಂದೇ ಥರ,
ಒಳಗಿನ ಕೊರೆತ ಬೇರೆ.
ಪಕ್ಕದ ಮನೆ ಬೀಗದ ಕೈ ಹಾಕಿ
ಬಾಗಿಲನ್ನ ಹಟಮಾರಿ ಅಂತೀಯಲ್ಲ."

ಶುರುವಾಯಿತು ಉಪಚಾರ.
ಸೂಜಿಯ ತುದಿಯಿಂದ ಒಂದು ಹನಿ ಎಣ್ಣೆ. ಕಾದಳು.
ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ ಅವಳಿಗೆ:
ನೀರಿಟ್ಟಳು, ಟೀ ಸೋಸಿದಳು, ಬ್ರೆಡ್ಡು ಮುರಿದು
ಬೆಣ್ಣೆಹಣ್ಣು ಮೆತ್ತಿದಳು,
ಪಕ್ಕದ ನಾಯಿಯನ್ನು ಅದರ ಹೆಸರೊಂದು ಬಿಟ್ಟು
ಬೇರೆಲ್ಲ ಹೆಸರಿನಿಂದ ಕರೆದಳು.
ಆಮೇಲೆ ಎಣ್ಣೆ ಒರೆಸಿ, ಬೆಸುಗೆ ಕಡ್ಡಿಯ ಬಿಸಿ ಮೂತಿ
ತಿರುಪಿನ ನೆತ್ತಿಗೆ, ಇಪ್ಪತ್ತು ಎಣಿಸುವಷ್ಟು,
ಪ್ಲಾಸ್ಟಿಕ್ ಕಮಟು ಬರುವುದರೊಳಗೆ ತೆಗೆದಳು.
ಸುತ್ತಿಗೆಯ ಹಿಡಿಯಿಂದ ಎರಡು ಪೆಟ್ಟು,
ಬಾಗಿಲು ತಟ್ಟುವಂತೆ, ಒಡೆಯುವಂತಲ್ಲ.
ಸವೆದ ತಲೆಗೆ ರಬ್ಬರ್ ಬ್ಯಾಂಡಿನ ತುಣುಕು,
ಅದರ ಮೇಲೆ ಸರಿಯಾದ ಉಳಿ.

ತಿರುಗಿಸಿದಳು, ಬಲಕ್ಕೆ.

"ಅದು ಬಿಗಿಯೋ ಕಡೆ!" ಅಂದೆ.
"ಗೊತ್ತು. ಮೊದಲು ಕೂದಲೆಳೆಯಷ್ಟು ಬಿಗಿ ಮಾಡ್ಬೇಕು.
ತುಕ್ಕಿಗೆ ತಾನೇ ಗೆದ್ದೆ ಅನ್ನಿಸಬೇಕು."

ಟಿಕ್.

ಅಷ್ಟೇ ಸದ್ದು. ಇರುವೆ ಲಟಿಕೆ ಮುರಿದ ಹಾಗೆ.
ಈಗ ಎಡಕ್ಕೆ. ಬಂತು,
ಸುತ್ತು ಸುತ್ತಿಗೂ ಕೆಂಪು ಪುಡಿ ಉದುರಿಸುತ್ತ,
ಮನಸ್ಸಿಲ್ಲದ ಮನಸ್ಸಿನಿಂದ.

ಅಂಗೈಯಲ್ಲಿಟ್ಟುಕೊಂಡು ಈಗ ಬೈಗುಳ ತೆಗೆದಳು:
"ಯಾವ ಕತ್ತೆ ಇದನ್ನ ಹೀಗೆ ಬಿಗಿದದ್ದು?
ಅಂಟು ಬೇರೆ ಬಳಿದಿದೆ ನೋಡು!
ಇದೇನು ರೇಡಿಯೊನೋ, ಹಡಗಿನ ತಳವೋ?
ಅದರ ಕೈಗಿಷ್ಟು..."

ಮುಚ್ಚಳ ಎತ್ತಿದೆ. ಒಳಗೆ, ಸ್ಪೀಕರಿನ ಪಕ್ಕ,
ರಿಪೇರಿಯವರು ಬರೆದಿಡುವಂತೆ ಪೆನ್ಸಿಲ್ ಗುರುತು:
ಜುಲೈ, ಎಂಬತ್ತೊಂಬತ್ತು. ಬೆಲ್ಟ್ ಬದಲಿಸಿದೆ.
ಕೆಳಗೊಂದು ಸಹಿ, ಬಾಲ ಉದ್ದಕ್ಕೆ ಎಳೆದದ್ದು,
ಅಂಗಡಿಯ ಪ್ರತಿ ರಸೀದಿಯಲ್ಲೂ ನಾನು ನೋಡುವಂಥದ್ದೇ.

ಎದುವಿಹಿಸ್ ಕನ್ನಡಕ ಏರಿಸಿದಳು. ಇಳಿಸಿದಳು.
ಆ ನಾಯಿಯೂ ಆಗಲೇ ಸುಮ್ಮನಾಗಬೇಕೆ.

"ಆಗ ತೋಳಲ್ಲಿ ಬಲವಿತ್ತು," ಅಂದಳು.

ಹೊಸ ತಿರುಪು ಡಬ್ಬಿಯಿಂದ ಹುಡುಕಿ ನನಗೆ ಕೊಟ್ಟಳು.
"ಎರಡೇ ಬೆರಳು. ಸಾಕು ಅನ್ನಿಸಿದಾಗ ಅಲ್ಲ,
ಅದಕ್ಕಿಂತ ಚೂರು ಮುಂಚೆ ನಿಲ್ಲಿಸು.
ಇನ್ನೊಬ್ಬರು ತೆಗೀಬೇಕು ಇದನ್ನ."

ಸಂಜೆ ಓರ್ಫೆಲಿನಾ ಬಂದಳು. ಗುಂಡಿ ತಿರುಗಿಸಿದಳು.
ರೇಡಿಯೊ ಕೆಮ್ಮಲಿಲ್ಲ. ಸ್ಪಷ್ಟವಾಗಿ, ಗಂಟಲು ಬಿಚ್ಚಿ ಹೇಳಿತು:
ವಾಯವ್ಯದಿಂದ ಅಲೆ, ಮೂರು ಮೀಟರ್.
ನಾಳೆ ದೋಣಿಗಳು ಹೊರಡುವಂತಿಲ್ಲ.

ನಾವೇ ಸಮುದ್ರ ಕಲಕಿದವರೆಂಬಂತೆ ನೋಡಿ,
ಎರಡು ಮೀನು ಮೇಜಿನ ಮೇಲಿಟ್ಟು,
"ಕೆಟ್ಟೇ ಇದ್ದಿದ್ರೆ ಚೆನ್ನಾಗಿತ್ತು," ಅನ್ನುತ್ತ
ಮೆಟ್ಟಿಲಿಳಿದು ಹೋದಳು.